ಕಲಕಿದ ಪದರ

ನೆರಳುನಗರ ಆ ದಿನವೂ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಸತ್ತಿತು.

ನಿಯಂತ್ರಣ ಕೊಠಡಿಯ ನಡುವಿನ ಉದ್ದನೆಯ ಮೇಜಿನ ಮೇಲೆ ನೀಲಿ ಗೆರೆಗಳು ಒಂದರ ಹಿಂದೊಂದು ಆರುತ್ತ ಹೋದವು. ಮೊದಲು ಬೆಟ್ಟದಿಂದ ಇಳಿಯುವ ಕಾಲುವೆ, ಆಮೇಲೆ ಭತ್ತದ ಬಯಲಿಗೆ ಕವಲೊಡೆದ ತೋಡುಗಳು, ಕಡೆಗೆ ಅರಮನೆಯ ಸುತ್ತಲಿನ ಕಂದಕ. ಮೇಜಿನ ಅಂಚಿನಲ್ಲಿ ಓಡುತ್ತಿದ್ದ ಇಸವಿ ಹನ್ನೆರಡುನೂರ ಮೂವತ್ತಕ್ಕೆ ಬಂದು ನಿಂತುಬಿಟ್ಟಿತು.

“ಇನ್ನೂರು ವರ್ಷ ಮುಂಚೆ,” ಎಂದ ವಿಚೆಟ್, ಕುರ್ಚಿಯಲ್ಲಿ ಮೈಮುರಿಯುತ್ತ. ಅವನು ಯೋಜನೆಯ ತೂಬುಗಳನ್ನು ರೂಪಿಸಿದ ಎಂಜಿನಿಯರು, ಮೇಜಿನ ಮೇಲಿನ ಆ ಊರಿನವನೇ. “ಅಲ್ಲ ವನಮಾಲಾ, ನಿಮ್ಮ ರಾಜರಿಗೆ ಒಂದು ದಿನವಾದರೂ ಹೊಟ್ಟೆ ತುಂಬ ಉಂಡು ಸಾಯೋ ಯೋಗ ಬೇಡವೇ?”

“ನಿಮ್ಮ ರಾಜರು, ವಿಚೆಟ್. ನಾನು ಗದಗಿನವಳು.”

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ವನಮಾಲಾ ಕೂಡ ನಕ್ಕಳು; ಆದರೆ ಆ ನಗು ಮುಖದಿಂದ ಎದೆಗೆ ಇಳಿಯಲಿಲ್ಲ.

ಮೇಜಿನ ಮೇಲೆ ನೆರಳುನಗರವೆಂಬ ಹೆಸರಿನಲ್ಲಿ ಬದುಕಿ ಸಾಯುತ್ತಿದ್ದದ್ದು ಅಂಕೋರ್. ಆರು ಶತಮಾನ ಖ್ಮೇರರ ರಾಜಧಾನಿಯಾಗಿ ಮೆರೆದು, ಹದಿನೈದನೆಯ ಶತಮಾನದ ಹೊತ್ತಿಗೆ ಕಾಡಿಗೆ ತನ್ನನ್ನು ಒಪ್ಪಿಸಿಕೊಟ್ಟ ನಗರ. ಅದರ ದೇಗುಲಗಳು ಈಗಲೂ ನಿಂತಿವೆ. ನಿಂತಿರುವುದು ಮರಳಿನ ಬುನಾದಿಯ ಮೇಲೆ. ಮರಳು ತೇವವಾಗಿರುವ ತನಕ ಕಲ್ಲಿನಷ್ಟೇ ಗಟ್ಟಿ. ಒಣಗಿದರೆ ಜಾರಲು ಶುರು. ಪಕ್ಕದ ಸಿಯೆಮ್ ರೀಪ್ ಪಟ್ಟಣ ಬೆಳೆಯುತ್ತ ಬೆಳೆಯುತ್ತ ಕೊಳವೆ ಬಾವಿಗಳಿಂದ ನೆಲದಡಿಯ ನೀರನ್ನೆಲ್ಲ ಹೀರತೊಡಗಿತ್ತು. ಈ ಶತಮಾನದ ನಡುವಿನ ಹೊತ್ತಿಗೆ ಎರಡು ಗೋಪುರಗಳು ಓರೆಯಾದದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಉಳಿದಿದ್ದ ಉಪಾಯ ಒಂದೇ. ಪಟ್ಟಣದ ಈಶಾನ್ಯಕ್ಕೆ ರಾಜರ ಕಾಲದ ಒಂದು ವಿಶಾಲವಾದ ಕೆರೆಯಿತ್ತು. ಶತಮಾನಗಳಿಂದ ಬತ್ತಿ, ಮೇವಿನ ಬಯಲಾಗಿತ್ತು. ಅದನ್ನು ಮತ್ತೆ ತುಂಬಿಸಬೇಕು. ಆಗ ಪಟ್ಟಣಕ್ಕೆ ನೀರು ಸಿಗುತ್ತದೆ, ಮರಳಿಗೆ ತೇವ. ವನಮಾಲಾ ಆ ಕೆರೆಯನ್ನು ಹಳೆಗೆರೆ ಎನ್ನುತ್ತಿದ್ದಳು. ಸ್ಥಳೀಯರು ತಮ್ಮ ಭಾಷೆಯಲ್ಲಿ ಕರೆಯುತ್ತಿದ್ದದ್ದೂ ಅದೇ ಅರ್ಥದಲ್ಲಿ.

ಸರ್ಕಾರದ ಜಲಸಮಿತಿ ಒಂದು ಷರತ್ತು ಹಾಕಿತ್ತು. ಈ ಲೆಕ್ಕದ ಯಂತ್ರ ಹಿಂದಿನದನ್ನು ಸರಿಯಾಗಿ ಹೇಳಲಿ, ಆಮೇಲೆ ಮುಂದಿನದನ್ನು ನಂಬೋಣ. ಮೇಜಿನ ಮೇಲಿನ ನಗರ ನಿಜವಾದ ನಗರ ಬಾಳಿದಷ್ಟು ಕಾಲ ಬಾಳಿದರೆ ಕೆರೆ ತುಂಬಿಸಲು ಅಪ್ಪಣೆ. ಈ ಮಳೆಗಾಲದೊಳಗೆ ಅದು ಆಗದಿದ್ದರೆ ಯೋಜನೆ ಕಟ್ಟಿಡುವುದು.

ಮೇಜಿಗೆ ಜೀವ ಕೊಡುತ್ತಿದ್ದದ್ದು ‘ಕಣದರ್ಶಿ’ ಎಂಬ ಉಪಕರಣ. ಅದರ ಹಿಂದಿನ ತತ್ವ ಹಳೆಯದೇ. ಮರಳಿನ ಕಣವೊಂದು ಮಣ್ಣಿನಲ್ಲಿ ಹೂತುಹೋದರೆ, ಸುತ್ತಲಿನ ನೆಲದ ಸಣ್ಣ ವಿಕಿರಣವನ್ನು ಕತ್ತಲಲ್ಲಿ ಕೂತು ಉಣ್ಣುತ್ತ ಶಕ್ತಿಯನ್ನು ಕೂಡಿಡುತ್ತದೆ. ಮತ್ತೆ ಬೆಳಕು ಬಿದ್ದೊಡನೆ ಆ ಶಕ್ತಿಯನ್ನು ಮಿಣುಕು ಹೊಳಪಾಗಿ ಹೊರಹಾಕಿ ಬರಿದಾಗುತ್ತದೆ. ಹೊಳಪನ್ನು ಅಳೆದರೆ, ಆ ಕಣ ಸೂರ್ಯನನ್ನು ಕಂಡು ಎಷ್ಟು ಕಾಲವಾಯಿತೆಂದು ಹೇಳಬಹುದು. ಹಿಂದೆ ಈ ಲೆಕ್ಕದಲ್ಲಿ ಹತ್ತಾರು ವರ್ಷಗಳ ತಪ್ಪಿಗೆ ಜಾಗವಿರುತ್ತಿತ್ತು. ಕಣದರ್ಶಿ ಒಂದೊಂದೇ ಕಣವನ್ನು ನೆರೆಯ ಪರಾಗದೊಂದಿಗೆ ಹೋಲಿಸಿ ವರ್ಷವನ್ನು, ಋತುವನ್ನು ಹೇಳುತ್ತಿತ್ತು. ಕೊಳವೆ ಇಳಿಸಿ ತೆಗೆದ ಒಂದು ಮಾರುದ್ದ ಕೆಸರಿನಲ್ಲಿ ಯಾವ ಮಳೆಗಾಲದಲ್ಲಿ ಎಷ್ಟು ನೀರು ಯಾವ ರಭಸದಲ್ಲಿ ಹರಿಯಿತೆಂಬುದೆಲ್ಲ ತೆರೆದುಕೊಳ್ಳುತ್ತಿತ್ತು.

ಕಣದರ್ಶಿಗೆ ಏನು ತಿನ್ನಿಸಬೇಕು, ಏನು ತಿನ್ನಿಸಬಾರದು ಎಂದು ನಿಯಮ ಬರೆದವಳು ವನಮಾಲಾ. ಅವಳ ಮೊದಲ ನಿಯಮ: ಕಲಕಿದ ಪದರ ಬೇಡ. ಬೇರೆ ಬೇರೆ ವಯಸ್ಸಿನ ಕಣಗಳು ಬೆರೆತಿದ್ದರೆ ಅಲ್ಲಿ ಇಲಿ ತೋಡಿರಬಹುದು, ಬೇರು ಇಳಿದಿರಬಹುದು. ಅಂಥ ಮಣ್ಣಿನ ಸಾಕ್ಷ್ಯ ನಂಬುವಂಥದ್ದಲ್ಲ. ಅವಳಿಗೆ ಪಾಠ ಹೇಳಿದವರೆಲ್ಲ ಹೀಗೇ ಕಲಿಸಿದ್ದರು, ಅವಳೂ ಹೀಗೇ ಕಲಿಸಿದ್ದಳು.

*

ಮನೆಯಲ್ಲಿ ಅವ್ವ ಗೋದೂಬಾಯಿ ಮತ್ತು ಮನೆಯೊಡತಿ ಮಿಂಗ್ ಚನ್ಥಾ ಜಗಲಿಯ ಮೇಲೆ ಕೂತು ಬಾಳೆ ಹೂವು ಬಿಡಿಸುತ್ತಿದ್ದರು. ಮಿಂಗ್ ಎಂದರೆ ಅಲ್ಲಿ ಚಿಕ್ಕಮ್ಮ. ಗದಗಿನಲ್ಲಿ ಮೂರು ತಲೆಮಾರಿಗೆ ಗಣಿತ ಕಲಿಸಿ ನಿವೃತ್ತಳಾದ ಗೋದೂಬಾಯಿ ಮಗಳ ಜೊತೆ ಇಲ್ಲಿಗೆ ಬಂದಾಗ, “ನಾ ಅಲ್ಲಿ ಯಾರ ಕೂಡ ಮಾತಾಡ್ಲಿ?” ಎಂದು ಅಳುಕಿದ್ದಳು. ಈಗ ಅವಳು ಧಾರವಾಡ ಸೀಮೆಯ ಕನ್ನಡದಲ್ಲಿ ಹೇಳುವುದು, ಚನ್ಥಾ ಖ್ಮೇರಿನಲ್ಲಿ ಉತ್ತರಿಸುವುದು, ಇಬ್ಬರೂ ಬಿದ್ದು ಬಿದ್ದು ನಗುವುದು ದಿನದ ಕ್ರಮವಾಗಿತ್ತು.

“ಏನವಾ ವನೂ, ಮಾರಿ ಯಾಕ ಹಿಂಗ ಮಾಡೀ? ಇವತ್ತೂ ನಿನ್ನ ಊರು ಮುಳುಗಿತೇನು?”

“ಮುಳುಗಿತವ್ವಾ. ಒಂದು ದೊಡ್ಡ ಮಳೆ ಬರ್ತದ, ಹಳೆಗೆರಿ ಏರಿ ತೆಂಕಣ ತಿರುವಿನ್ಯಾಗ ಒಡೀತದ. ಅಲ್ಲಿಂದ ಎಲ್ಲಾ ಕೆಟ್ಟು ಹೋಗ್ತದ. ಪ್ರತಿ ಸಲ ಅದೇ ಜಾಗಾ.”

“ಖರೇ ಊರಿನ್ಯಾಗ ಅಲ್ಲಿ ಒಡೀಲಿಲ್ಲೇನು?”

“ಒಡೀತು. ಆದ್ರ ಇನ್ನೂರು ವರ್ಷ ತಡಾ ಮಾಡಿ ಒಡೀತು. ಅಷ್ಟು ದಿನ ಹೆಂಗ ತಡಕೊಂಡಿತೋ ಅದs ತಿಳೀವಲ್ದು.”

ಮಾತಾಡುತ್ತಲೇ ವನಮಾಲಾ ಬೆರೆತುಹೋಗಿದ್ದ ಬಾಳೆ ಹೂವಿನ ಎಸಳುಗಳನ್ನು ಅಳತೆಯ ಪ್ರಕಾರ ಬೇರೆ ಬೇರೆ ಜೋಡಿಸತೊಡಗಿದ್ದಳು. ಚನ್ಥಾ ಅದನ್ನು ನೋಡಿ ಏನೋ ಅಂದಳು, ಗೋದೂಬಾಯಿ ಪಕ್ಕನೆ ನಕ್ಕಳು.

“ಈಕಿ ಏನಂದಳೋ ನಂಗ ಗೊತ್ತಿಲ್ಲ. ಆದ್ರ ಖರೇ ಅಂದಳು. ನಮ್ಮ ಅತ್ತಿ ಮಡೀಲೆ ಅಡಗಿ ಮಾಡುವಾಗ ಮಂದೀನ್ನ ಒಲಿ ಹತ್ತರ ಬಿಡತಿರಲಿಲ್ಲ. ನಾ ಅದನ್ನೆಲ್ಲಾ ಬಿಟ್ಟೆ. ನೀ ನೋಡಿದ್ರ ಕೆಸರಿನ್ಯಾಗೂ ಮಡಿ ಮೈಲಿಗಿ ಮಾಡ್ಕೋತ ಕೂತೀ.”

“ಅದು ಮಡಿ ಅಲ್ಲವ್ವಾ, ಶಾಸ್ತ್ರ.”

“ಆಕೀನೂ ಹಂಗs ಅಂತಿದ್ದಳು.”

*

ಮಾರನೆಯ ವಾರ ವನಮಾಲಾ ವಿಚೆಟ್‌ನನ್ನು ಕರೆದುಕೊಂಡು ತೆಂಕಣ ತಿರುವಿಗೆ ಹೋದಳು. ಏರಿಯ ಮೇಲೆ ಹುಲ್ಲು ಎದೆಯುದ್ದ ಬೆಳೆದಿತ್ತು. ಒಂದು ಕಡೆ ಮಾತ್ರ ಏರಿಯ ಮೈಗೆ ಕೆಂಪು ಜಂಬಿಟ್ಟಿಗೆ ಕಲ್ಲು ಹೊದಿಸಿ ಕಟ್ಟಿದ ಗುರುತು, ಅದರ ನಡುವೆ ಎಂದೋ ಒಡೆದು ಹೋದ ದೊಡ್ಡ ಬಾಯಿ. ಕಲ್ಲಿನ ಹಿಂದಿನ ಮಣ್ಣಿನಲ್ಲಿ ಇಬ್ಬರೂ ಬೆವರು ಸುರಿಸಿ ಹತ್ತಾರು ಕೊಳವೆ ಇಳಿಸಿದರು. ವಿಚೆಟ್ ತನ್ನ ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತ, “ನನ್ನ ಅಜ್ಜ ಇಲ್ಲಿ ದನ ಕಾಯುತ್ತಿದ್ದ. ಮೊಮ್ಮಗ ಎಂಜಿನಿಯರಾದ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಈಗ ನೋಡಿ, ಅದೇ ಬಿಸಿಲು, ದನ ಇಲ್ಲ ಅಷ್ಟೇ,” ಎಂದ.

ಪ್ರಯೋಗಾಲಯಕ್ಕೆ ತಂದು ಇಟ್ಟರೆ ಕಣದರ್ಶಿ ಒಂದನ್ನೂ ಒಪ್ಪಲಿಲ್ಲ. ಕಲಕಿದ ಪದರ, ಕಲಕಿದ ಪದರ ಎಂದು ಎಲ್ಲವನ್ನೂ ಪಕ್ಕಕ್ಕೆ ತಳ್ಳಿತು. ಕಲ್ಲು ಕಟ್ಟಿದ ಮೇಲಿನ ಕಾಲದ ತೆಳ್ಳನೆಯ ಮೇಲ್ಪದರ ಮಾತ್ರ ಅದಕ್ಕೆ ರುಚಿಸಿತು.

ಒಂದು ದಿನದ ದುಡಿಮೆ ಹೀಗೆ ಕಸವಾದದ್ದಕ್ಕೆ ವನಮಾಲಾಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿಯೇ ಒಂದು ಪ್ರಶ್ನೆಯೂ ಎದ್ದಿತು. ಇಲಿಗಳು ಇಡೀ ಏರಿಯನ್ನು ಬಿಟ್ಟು ಈ ಹತ್ತು ಮಾರು ಜಾಗದಲ್ಲೇ ಶತಮಾನಗಟ್ಟಲೆ ಏಕೆ ತೋಡಬೇಕು? ಅವಳು ತಾನೇ ಬರೆದ ನಿಯಮವನ್ನು ಅಳಿಸಿದಳು. ಕೈ ಒಂದು ಕ್ಷಣ ತಡೆಯಿತು, ಎಂಜಲು ಕೈಯಿಂದ ದೇವರ ಪೆಟ್ಟಿಗೆ ಮುಟ್ಟಿದ ಹಾಗೆ. ಆಮೇಲೆ ಗುಂಡಿ ಒತ್ತಿದಳು.

ಪರದೆಯ ಮೇಲೆ ಬಿಡಿಸಿಕೊಂಡದ್ದು ಇಲಿಯ ಬಿಲವಾಗಿರಲಿಲ್ಲ. ನೇರ ಅಂಚಿನ ಒಂದು ಕಡಿತ. ಕಡಿದ ಮುಖದ ಕಣಗಳು ಬಿಸಿಲು ಕಂಡು ಬರಿದಾಗಿದ್ದವು, ಹಾಗಾಗಿ ಕಡಿದ ವರ್ಷವನ್ನು ತಾವೇ ಹೇಳುತ್ತಿದ್ದವು. ಕಡಿತದೊಳಗೆ ತುಂಬಿದ ಹೊಸ ಕೆಸರು, ಕೆಸರಿನಲ್ಲಿ ಭತ್ತದ ಹೊಟ್ಟು, ಸಣ್ಣಗೆ ಕತ್ತರಿಸಿದ ಹುಲ್ಲು. ಮರುವರ್ಷ ಮತ್ತೆ ಅದೇ ಜಾಗದಲ್ಲಿ ಕಡಿತ, ಮತ್ತೆ ಹೊಟ್ಟು ಕಲಸಿದ ಕೆಸರು. ಮಳೆ ಜೋರಾದಾಗ ಹೆಚ್ಚಿನ ನೀರು ಬಿಡಲು ಊರವರು ಏರಿ ಕಡಿದಿದ್ದರು, ಮಳೆ ಇಳಿಯುವ ಮೊದಲು ಮುಚ್ಚಿದ್ದರು. ಬರುವ ವರ್ಷ ಗುದ್ದಲಿಗೆ ಸುಲಭವಾಗಿ ಬಾಯಿಬಿಡಲಿ ಎಂದೇ ಹೊಟ್ಟು ಹುಲ್ಲು ಕಲಸಿದ್ದರು. ಹೀಗೆ ಒಂದಲ್ಲ ಎರಡಲ್ಲ, ಮುನ್ನೂರಕ್ಕೂ ಹೆಚ್ಚು ಮಳೆಗಾಲ.

ವನಮಾಲಾ ತನಗೆ ಗೊತ್ತಿದ್ದ ಶಾಸನಗಳನ್ನೆಲ್ಲ ಮತ್ತೆ ತೆರೆದು ನೋಡಿದಳು. ಶಾಸನಗಳಲ್ಲಿ ರಾಜರು ತೋಡಿಸಿದ ಕೆರೆಗಳಿದ್ದವು, ದೇಗುಲಕ್ಕೆ ದಾನ ಬಿಟ್ಟ ಭೂಮಿಯಿತ್ತು. ಇದು ಎಲ್ಲೂ ಇರಲಿಲ್ಲ. ಕಲ್ಲಿನಲ್ಲಿ ಕೊರೆಸುವಂಥ ಕೆಲಸವೂ ಅದಲ್ಲ.

*

ಈ ಸಲ ಮೇಜಿನ ಸುತ್ತ ಎಲ್ಲರೂ ನಿಂತಿದ್ದರು. ಯೋಜನೆಯ ನಿರ್ದೇಶಕಿ ಸೊಫೀಪ್ ಕೂಡ ಬಂದಿದ್ದರು. ಕಡಿಮೆ ಮಾತಿನ, ಅರವತ್ತರ ಸಮೀಪದ ಹೆಂಗಸು.

ಒಂಬತ್ತನೆಯ ಶತಮಾನದಲ್ಲಿ ಮೇಜು ಬಹುಪಾಲು ಕತ್ತಲೆ. ಕುಲೇನ್ ಬೆಟ್ಟದಿಂದ ಒಂದು ನೀಲಿ ಎಳೆ ಇಳಿದು ಬಯಲಿಗೆ ಬಂತು. ಅದರ ಬದಿಗೆ ಹಸಿರು ಚುಕ್ಕೆಗಳು ಹತ್ತಿಕೊಂಡವು, ಒಂದೊಂದೂ ಒಂದು ಹಳ್ಳಿಯ ಭತ್ತದ ಗದ್ದೆ. ರಾಜನೊಬ್ಬ ಕೆರೆ ಕಟ್ಟಿಸಿದ. ಅವನ ಮಗ ಅದಕ್ಕಿಂತ ದೊಡ್ಡದನ್ನು ಕಟ್ಟಿಸಿದ. ಕಾಲುವೆಗೆ ಕಾಲುವೆ ಕೂಡಿತು, ಹಸಿರು ಹರಡಿತು, ಹಸಿರಿನ ನಡುವೆ ದೇಗುಲಗಳು ಎದ್ದವು. ಹನ್ನೆರಡನೆಯ ಶತಮಾನದ ಹೊತ್ತಿಗೆ ಮೇಜು ತುಂಬ ನೀರಿನ ಬಲೆ, ಲಕ್ಷಾಂತರ ಜನರ ಅನ್ನ. ತೆಂಕಣ ತಿರುವಿನಲ್ಲಿ ಮಾತ್ರ ಪ್ರತಿ ಮಳೆಗಾಲಕ್ಕೂ ಒಂದು ಕೂದಲೆಳೆಯಷ್ಟು ಗೆರೆ ಮೂಡಿ ಮಾಯವಾಗುತ್ತಿತ್ತು. ಹೆಚ್ಚಿನ ನೀರು, ತಳದ ಹೂಳು ಎರಡೂ ಅಲ್ಲಿಂದ ಹೊರಬಿದ್ದು ಕೆಳಗಿನ ಗದ್ದೆಗಳಿಗೆ ಹರಡುತ್ತಿದ್ದವು.

ಹನ್ನೆರಡುನೂರ ಮೂವತ್ತು ಬಂತು. ದೊಡ್ಡ ಮಳೆ ಬಂತು. ಏರಿ ಒಡೆಯಲಿಲ್ಲ.

ಯಾರೋ ಸಿಳ್ಳೆ ಹಾಕಿದರು. ವಿಚೆಟ್ ವಾಚು ನೋಡಿ, “ಊಟದ ಹೊತ್ತಾಯಿತು, ರಾಜರೂ ಬರಲಿ,” ಎಂದ.

ಹದಿನಾಲ್ಕನೆಯ ಶತಮಾನದ ನಡುವೆ ದಶಕಗಟ್ಟಲೆ ಬರ. ಮೇಜಿನ ನೀಲಿ ಸೊರಗಿತು. ಬರದ ಕೊನೆಯಲ್ಲಿ ತೆಂಕಣ ತಿರುವಿನ ಗೆರೆ ಒಮ್ಮೆ ಮೂಡಿತು. ಆಮೇಲೆ ಮೂಡಲೇ ಇಲ್ಲ.

“ಏನಾಯಿತು?” ಸೊಫೀಪ್ ಕೇಳಿದರು.

“ಕಲ್ಲು ಕಟ್ಟಿದರು,” ಎಂದಳು ವನಮಾಲಾ. “ಬರ ಕಂಡು ಹೆದರಿದ್ದಾರೆ. ಒಂದು ಹನಿಯೂ ಹೋಗಬಾರದು ಅಂತ ಆ ಜಾಗಕ್ಕೆ ಜಂಬಿಟ್ಟಿಗೆ ಹೊದಿಸಿದ್ದಾರೆ. ಒಳ್ಳೆಯದಕ್ಕೇ ಮಾಡಿದ್ದಾರೆ. ಅಲ್ಲಿಂದ ಮುಂದೆ ಪದರಗಳು ತುಂಬ ಶುಭ್ರ. ನಾನು ಈವರೆಗೆ ಅತ್ಯುತ್ತಮ ಮಾದರಿ ಅಂತ ಎಲ್ಲ ಕಡೆ ತೋರಿಸುತ್ತಿದ್ದೆನಲ್ಲ, ಅವು ಈ ಕಾಲದವು.”

ಹೂಳು ಏರುತ್ತ ಹೋಯಿತು. ಬರದ ಬೆನ್ನಿಗೇ ಅತಿವೃಷ್ಟಿ. ಕಲ್ಲಿನ ಗೋಡೆ ಕೆಲವು ಮಳೆಗಾಲ ತಡೆದು, ಒಂದು ಮಳೆಗಾಲದಲ್ಲಿ ಪೂರ್ತಿ ಹೋಯಿತು. ರಭಸಕ್ಕೆ ಕೆಳಗಿನ ಕಾಲುವೆಗಳು ಕೊರೆದು ಆಳವಾದವು. ನೀರು ಗದ್ದೆಯ ಮಟ್ಟಕ್ಕೆ ಮತ್ತೆಂದೂ ಏರಲಿಲ್ಲ. ಹಸಿರು ಚುಕ್ಕೆಗಳು ಹತ್ತಿಕೊಂಡ ಕ್ರಮದಲ್ಲೇ ಆರತೊಡಗಿದವು. ಜನ ದಕ್ಷಿಣಕ್ಕೆ, ದೊಡ್ಡ ನದಿಗಳ ಕಡೆಗೆ ಸರಿದರು. ಇಸವಿ ಹದಿನಾಲ್ಕುನೂರ ಮೂವತ್ತರ ಆಸುಪಾಸಿಗೆ ಬಂದು ನಿಂತಿತು. ನಿಜವಾದ ನಗರ ಬರಿದಾದ ತಲೆಮಾರೇ.

ಕೊಠಡಿ ಚಪ್ಪಾಳೆಯಿಂದ ತುಂಬಿತು. ವಿಚೆಟ್ ವನಮಾಲಾಳ ಕೈ ಹಿಡಿದು ಕುಲುಕಿದ. ಆಗ ಎಲ್ಲರ ಕಣ್ಣು ಸೊಫೀಪ್ ಕಡೆ ಹೋಯಿತು. ಅವರು ಚಪ್ಪಾಳೆ ತಟ್ಟಿರಲಿಲ್ಲ. ಕತ್ತಲಾದ ಮೇಜಿನ ಅಂಚನ್ನು ಸವರುತ್ತ ನಿಂತಿದ್ದರು, ಸಾವಿನ ಮನೆಯಲ್ಲಿ ಮಂಚ ಸವರುವ ಹಾಗೆ. ಚಪ್ಪಾಳೆ ತಾನಾಗಿ ಇಳಿಯಿತು.

“ಒಳ್ಳೆಯ ಕೆಲಸ,” ಎಂದರು ಅವರು. ಆಮೇಲೆ, “ವಿಚೆಟ್, ಹೊಸ ನಕ್ಷೆಯಲ್ಲಿ ತೆಂಕಣ ತಿರುವಿಗೆ ಏನು ಹಾಕಿದ್ದೀಯ?”

ವಿಚೆಟ್ ಕಿವಿ ಕೆರೆದುಕೊಂಡ. “ಕಾಂಕ್ರೀಟು.”

*

ಆ ನಂತರದ ಜಗಳ ವಿಚೆಟ್‌ಗೂ ವನಮಾಲಾಗೂ.

“ನಾಲ್ಕು ಸ್ವಯಂಚಾಲಿತ ತೂಬು ಇಟ್ಟಿದ್ದೇನೆ. ಒಂದು ಬೆರಳು ಒತ್ತಿದರೆ ತೆರೆಯುತ್ತವೆ. ಅದನ್ನು ಬಿಟ್ಟು, ಜನ ಗುದ್ದಲಿ ತಂದು ಅಗೀಲಿ ಅಂತೀರಾ? ನನ್ನ ಅಜ್ಜ ಕೇಳಿದರೆ ಎದ್ದು ಬಂದಾನು.”

“ತೂಬೂ ಇರಲಿ. ತಿರುವಿನ ಹತ್ತು ಮಾರು ಮಾತ್ರ ಮಣ್ಣೇ ಇರಲಿ. ನಿಮ್ಮ ತೂಬು ಕಟ್ಟಿಕೊಂಡ ದಿನ?”

“ಕಟ್ಟಿಕೊಳ್ಳೋದಿಲ್ಲ.”

“ಅವರೂ ಕಲ್ಲು ಕಟ್ಟಿದಾಗ ಹೀಗೇ ಅಂದಿರಬೇಕು.”

ವಿಚೆಟ್ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ತಾನೇ ಹೊಸ ನಕ್ಷೆ ತಂದು ಅವಳ ಮುಂದೆ ಹಾಕಿದ. ತಿರುವಿನಲ್ಲಿ ಮಣ್ಣು. ಕೊಚ್ಚಿಹೋಗದಂತೆ ಎರಡು ಬದಿಗೂ ಕಲ್ಲಿನ ಕೆನ್ನೆ, ಬಾಯಿಗೆ ಅಡ್ಡ ಒಂದು ಕಲ್ಲಿನ ಹೊಸ್ತಿಲು. ಕಡಿತ ಅದಕ್ಕಿಂತ ಕೆಳಗಿಳಿಯುವಂತಿರಲಿಲ್ಲ. “ಕೆಲಸ ನನ್ನದು, ಹುಚ್ಚು ನಿಮ್ಮದು ಅಂತ ಬರೆದಿದ್ದೇನೆ,” ಎಂದ. ಅವನ ನಕ್ಷೆ ಚೆನ್ನಾಗಿತ್ತು. ಅವಳು ಹಾಗೆಂದು ಹೇಳಿದಾಗ ಅವನ ಕಿವಿ ಕೆಂಪಾಯಿತು.

ಜಲಸಮಿತಿ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಮಣ್ಣಿನ ತಿರುವಿಗೆ ಮಾತ್ರ ಒಂದೇ ವರ್ಷದ ಪರೀಕ್ಷೆ. ಕೆರೆಯ ಮೇಲಿನ ಹಳ್ಳಿ, ಕೆಳಗಿನ ಹಳ್ಳಿ ಎರಡೂ ಸೇರಿ, ತಾವೇ ದಿನ ಗೊತ್ತು ಮಾಡಿ ಕಡಿಯಬೇಕು. ನಿಯಂತ್ರಣ ಕೊಠಡಿ ಆಜ್ಞೆ ಕೊಡಬಾರದು. ನೀರು ಕೆಂಪು ಗುರುತು ಮುಟ್ಟಿದರೆ ಸೈರನ್ ಒತ್ತುವುದು. ಯಂತ್ರಗಳು ಬಂದು ಉಕ್ಕಿನ ಹಲಗೆ ಬಡಿದು ತಿರುವನ್ನು ಮುಚ್ಚುತ್ತವೆ, ಬದಿಯ ತುರ್ತು ಕಾಲುವೆ ತೆರೆಯುತ್ತದೆ. ಹಾಗಾದರೆ ಮುಂದೆ ಅಲ್ಲಿ ಕಾಂಕ್ರೀಟೇ.

*

ಕಟ್ಟುವ ಕೆಲಸ ಮುಗಿದ ಮೇಲಿನ ಮೊದಲ ಮಳೆಗಾಲ ಧಾರಾಳವಾಗಿ ಬಂತು. ಹಳೆಗೆರೆ ತುಂಬಿತು. ಪಟ್ಟಣದ ಬಾವಿಗಳಲ್ಲಿ ನೀರು ಏರಿತು, ದೇಗುಲದ ಕೆಳಗಿನ ಮರಳು ತೇವಗೊಂಡಿತು, ಎಲ್ಲಿಂದಲೋ ಬೆಳ್ಳಕ್ಕಿಗಳ ದೊಡ್ಡ ಹಿಂಡು ಬಂದು ನೆಲೆಯೂರಿತು. ಮೇಲಿನ ಹಳ್ಳಿಯವರು ದೋಣಿ ಕಟ್ಟಿ ಮೀನು ಹಿಡಿಯತೊಡಗಿದರು. ಹಿಡಿದ ಮೇಲೆ ಅವರಿಗೆ ಕೆರೆಯ ನೀರು ಇಳಿಸುವ ಮನಸ್ಸಾಗಲಿಲ್ಲ. ಇನ್ನೊಂದು ವಾರ ಇರಲಿ ಎಂದರು. ಕೆಳಗಿನ ಹಳ್ಳಿಯವರು, ನಮ್ಮ ಸಸಿಗೆ ಈಗಲೇ ನೀರು ಬೇಕು, ನೀವು ಮೀನು ತಿನ್ನಿ ನಾವು ಗಾಳಿ ತಿನ್ನುತ್ತೇವೆ ಎಂದರು. ಮಾತು ಬೆಳೆಯಿತು. ನೀರೂ ಬೆಳೆಯಿತು.

ಮೇಜು ಈಗ ಇಂದಿನ ಕೆರೆಯನ್ನು ತೋರಿಸುತ್ತಿತ್ತು. ಏರಿಯಲ್ಲಿ ಹೂತ ಅಳತೆಗೋಲುಗಳು ಕ್ಷಣಕ್ಷಣಕ್ಕೂ ಸುದ್ದಿ ಕಳಿಸುತ್ತಿದ್ದವು. ಆ ಮಧ್ಯಾಹ್ನ ನಾಲ್ಕು ತೂಬುಗಳಲ್ಲಿ ಎರಡಕ್ಕೆ ಅಂತರಗಂಗೆಯ ಕಳೆ ಸಿಕ್ಕಿಕೊಂಡಿತು. ವಿಚೆಟ್ ಪರದೆ ನೋಡಿ, ವನಮಾಲಾಳ ಮುಖ ನೋಡಿ, “ಏನೂ ಅನ್ನಬೇಡಿ,” ಎಂದ.

“ನಾನೇನೂ ಅನ್ನಲಿಲ್ಲ.”

“ಮುಖ ಅಂತಾ ಇದೆ.”

ನೀರು ಕೆಂಪು ಗುರುತಿಗೆ ಒಂದು ಗೇಣು ಕೆಳಗೆ ಬಂತು. ಆಮೇಲೆ ನಾಲ್ಕು ಬೆರಳು. ಸೈರನ್ನಿನ ಗುಂಡಿ ವನಮಾಲಾಳ ಮುಂದೆಯೇ ಇತ್ತು. ಒತ್ತಿದರೆ ಇವತ್ತಿಗೆ ಯಾರಿಗೂ ಅಪಾಯವಿಲ್ಲ. ಆದರೆ ತಿರುವು ಹೋಯಿತು. ನೂರು ವರ್ಷಕ್ಕೋ ಇನ್ನೂರಕ್ಕೋ ಈ ಕೆರೆಯೂ ಮೇಜಿನ ಮೇಲಿನ ಹಳೆಯ ಕೆರೆಯ ದಾರಿಯನ್ನೇ ಹಿಡಿಯುವುದನ್ನು ಅವಳು ಆಗಲೇ ನೋಡಿಯಾಗಿತ್ತು. ಒತ್ತದೆ ಹೋಗಿ, ಅವರು ಜಗಳವಾಡುತ್ತಲೇ ಕೂತರೆ?

“ಎರಡೂ ಹಳ್ಳಿಯ ಹಿರಿಯರಿಗೆ ಫೋನು ಮಾಡಲೇ?” ಎಂದು ಸೊಫೀಪ್‌ರನ್ನು ಕೇಳಿದಳು.

“ಮಾಡಿದರೆ ಅದು ನಮ್ಮ ಆಜ್ಞೆಯಾಗುತ್ತದೆ,” ಎಂದರು ಅವರು. “ಗುರುತು ಮುಟ್ಟಿದರೆ ಒತ್ತು. ಅದಕ್ಕೆ ಮುಂಚೆ ಬೇಡ. ಮುಟ್ಟಿದ ಮೇಲೆ ತಡವೂ ಬೇಡ.”

ಅಷ್ಟರಲ್ಲಿ ಅವಳ ಫೋನೇ ಕುಣಿಯಿತು. ಅವ್ವ.

“ವನೂ, ನಾ ಏರಿ ಮ್ಯಾಲೆ ಇದ್ದೀನಿ. ಚನ್ಥಾ ಕರಕೊಂಡು ಬಂದಾಳ. ಇಲ್ಲಿ ಎರಡೂ ಊರಿನ ಮಂದಿ ಕೂಡ್ಯಾರ. ಭಾಳ ಜಗಳಾ ನಡದದ!”

“ಏನಂತ ಜಗಳಾ ಅವ್ವಾ? ಕಡೀಬೇಕಂತಾರೋ ಬ್ಯಾಡಂತಾರೋ?”

“ನಂಗೇನು ತಿಳೀತದ ಅವರ ಮಾತು? ಆದ್ರ ಎಲ್ಲಾರ ಕೈಯಾಗೂ ಗುದ್ದಲಿ ಅವ. ಇಬ್ಬರು ಮುದುಕರು ಒಂದs ಗುದ್ದಲಿ ಹಿಡಕೊಂಡು ಜಗ್ಗಾಡ್ಲಿಕತ್ತಾರ. ಮೊದಲನೇ ಏಟು ಯಾರು ಹಾಕಬೇಕು ಅಂತ ಕಾಣಸ್ತದ. ತಡೀ, ಚನ್ಥಾ ನಡುವ ಹೋದಳು. ಅಯ್ಯ, ಬೈಲಿಕತ್ಯಾಳ! ಬೈ ಬೈ, ಛಲೋ ಬೈ... ವನೂ, ಆಮ್ಯಾಲೆ ಮಾಡ್ತೀನಿ.”

ಫೋನು ಕಟ್ಟಾಯಿತು. ಮೇಜಿನ ಮೇಲೆ ನೀರಿಗೂ ಕೆಂಪು ಗುರುತಿಗೂ ಎರಡು ಬೆರಳಿನ ಅಂತರ. ವನಮಾಲಾ ಬೆರಳನ್ನು ಗುಂಡಿಯ ಮೇಲೆ ಇಟ್ಟಳು. ಗುರುತಿಗೆ ಇನ್ನು ಒಂದೇ ಬೆರಳಿನ ಅಂತರ.

ತೆಂಕಣ ತಿರುವಿನಲ್ಲಿ ಕೂದಲೆಳೆಯಷ್ಟು ನೀಲಿ ಗೆರೆ ಕಾಣಿಸಿತು.

ಯಾರೂ ಏನನ್ನೂ ಒತ್ತಿರಲಿಲ್ಲ. ಗೆರೆ ಒಮ್ಮೆ ಮಂಕಾಯಿತು, ಮತ್ತೆ ಹೊಳೆಯಿತು, ಏರಿಯನ್ನು ದಾಟಿ ಕೆಳಗಿನ ಗದ್ದೆಗಳ ಕಡೆಗೆ ಬೆಳೆಯಿತು. ಕೆರೆಯ ಅಂಕಿ ನಿಂತಿತು. ಸ್ವಲ್ಪ ಹೊತ್ತು ಹಾಗೇ ನಿಂತು, ಕೆಳಗೆ ಜಾರಿತು.

ಸೊಫೀಪ್ ತಮ್ಮ ಚಪ್ಪಲಿ ಹುಡುಕುತ್ತಿದ್ದರು. “ಇಲ್ಲಿ ನಿಂತು ನೋಡುವುದೇನಿದೆ?” ಎಂದರು. ವಿಚೆಟ್ ಜೀಪಿನ ಕೀಲಿ ಎತ್ತಿಕೊಂಡು ಆಗಲೇ ಬಾಗಿಲಲ್ಲಿದ್ದ. ವನಮಾಲಾ ಗುಂಡಿಯಿಂದ ಬೆರಳು ತೆಗೆದಳು, ಬೆರಳು ಮರಗಟ್ಟಿತ್ತು. ಅದನ್ನು ಇನ್ನೊಂದು ಕೈಯಿಂದ ನೀವಿಕೊಳ್ಳುತ್ತ ಅವರ ಹಿಂದೆ ಓಡಿದಳು.

ತಿರುವಿನಲ್ಲಿ ಜಾತ್ರೆಯಷ್ಟು ಜನ ಇಲ್ಲದಿದ್ದರೂ ಜಾತ್ರೆಯಷ್ಟು ಗದ್ದಲವಿತ್ತು. ಕೆಂಪು ನೀರು ಗುಳುಗುಳು ಸದ್ದು ಮಾಡುತ್ತ ಇಳಿಯುತ್ತಿತ್ತು. ಹೆಂಗಸರು ಬುಟ್ಟಿ ಒಡ್ಡಿ ಮೀನು ಹಿಡಿಯುತ್ತಿದ್ದರು. ಗುದ್ದಲಿಗಾಗಿ ಜಗ್ಗಾಡಿದ್ದ ಮುದುಕರಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಚನ್ಥಾ ಕೊಟ್ಟ ಅಂಟಕ್ಕಿಯ ಬುತ್ತಿ ತಿನ್ನುತ್ತ, ಇನ್ನೂ ಬೈದಾಡುತ್ತಿದ್ದರು. ಗೋದೂಬಾಯಿ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಕೆಳಗಿನ ಗದ್ದೆಯ ಕೆಸರಿನಲ್ಲಿ ನಿಂತಿದ್ದಳು.

“ನಿಂತು ಏನ್ ನೋಡ್ತೀ? ಇಳೀ ಕೆಳಗ,” ಎಂದು ಕೂಗಿದಳು. “ನೀರು ಬೆಚ್ಚಗ ಅದ!”

ವನಮಾಲಾ ಬೂಟು ಬಿಚ್ಚಿ, ಜೋಡಿಯಾಗಿ ಇಡುವ ಗೊಡವೆಗೂ ಹೋಗದೆ, ಇಳಿದಳು.

ಅತ್ತ ನಿಯಂತ್ರಣ ಕೊಠಡಿಯ ಮೇಜಿನ ಮೇಲೆ ನೀಲಿ ಗೆರೆ ತನ್ನಷ್ಟಕ್ಕೆ ಕವಲೊಡೆಯುತ್ತ, ಒಂದೊಂದು ಗದ್ದೆಯನ್ನೇ ಮುಟ್ಟುತ್ತ ಹೋಗುತ್ತಿತ್ತು. ನೋಡಲು ಅಲ್ಲಿ ಯಾರೂ ಉಳಿದಿರಲಿಲ್ಲ.